ಹಪ್ಪಳ ಒಣಗಿಸುವ ವೈಜ್ಞಾನಿಕ ವಿಧಾನ

ಯುಗಾದಿಯ ದಿನ ಬೇವು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತ ನಾನೊಂದು ಘೋಷಣೆ ಮಾಡಿದೆ. ಇನ್ನು ಮುಂದೆ ನಮ್ಮ ಮನೆ ಕರೆಂಟಿನ ವಿಷಯದಲ್ಲಿ ಯಾರ ಹಂಗಿನಲ್ಲೂ ಇರುವುದಿಲ್ಲ! ಕೇಳಿಸಿಕೊಂಡವರು ಇಬ್ಬರು: ಹೆಂಡತಿ ವೇದಾವತಿ ಮತ್ತು ಗೋಡೆಯ ಮೇಲೆ ಫೋಟೋದಲ್ಲಿದ್ದ ನಮ್ಮ ಅಪ್ಪ. ಅಪ್ಪ ಸುಮ್ಮನಿದ್ದರು. ವೇದಾವತಿ ಮಾತ್ರ, “ನಿಂಗೊಗೆ ಬೇವು ಜಾಸ್ತಿ ಬಿತ್ತಾ ಎಂತ?” ಎಂದು ಕೇಳಿದಳು.

ನಾನು ಹೇರಂಬ, ರಿಪ್ಪನ್‌ಪೇಟೆಯ ಪ್ರೌಢಶಾಲೆಯೊಂದರ ವಿಜ್ಞಾನದ ಮೇಷ್ಟ್ರು. ಇಪ್ಪತ್ತೆರಡು ವರ್ಷಗಳಿಂದ ಬೋರ್ಡಿನ ನಡುವೆ ಒಂದು ಗೆರೆ ಎಳೆದು, ನವೀಕರಿಸಬಹುದಾದ ಶಕ್ತಿ ಮೂಲಗಳು ಎಡಕ್ಕೆ, ನವೀಕರಿಸಲಾಗದವು ಬಲಕ್ಕೆ ಎಂದು ಪಾಠ ಮಾಡುತ್ತ ಬಂದಿದ್ದೇನೆ. ಎಡಕ್ಕೆ ಬಿಸಿಲು, ಗಾಳಿ, ನೀರು. ಬಲಕ್ಕೆ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು. ಎಡಗಡೆಯದು ಎಷ್ಟು ಬಳಸಿದರೂ ಮುಗಿಯುವುದಿಲ್ಲ, ಬಲಗಡೆಯದು ಮುಗಿದರೆ ಮುಗಿಯಿತು. ಇಷ್ಟು ಹೇಳಲು ನನಗೆ ಎರಡು ಪೀರಿಯಡ್ ಬೇಕಾಗುತ್ತದೆ. ನನ್ನ ಪಾಠ ಮೈಮರೆತು ಕೇಳಿದ ಶಿಷ್ಯರಲ್ಲಿ ಇಬ್ಬರು ಈಗ ಪೆಟ್ರೋಲ್ ಬಂಕ್ ಇಟ್ಟುಕೊಂಡು ಸುಖವಾಗಿದ್ದಾರೆ.

ಕರೆಂಟಿನ ಮೇಲೆ ನನಗಿರುವ ಸಿಟ್ಟು ಮಾತ್ರ ಪುಸ್ತಕದ್ದಲ್ಲ, ವಂಶದ್ದು. ನಮ್ಮ ಅಜ್ಜನ ಮನೆ, ಗದ್ದೆ, ಕೊಟ್ಟಿಗೆ ಎಲ್ಲವೂ ಶರಾವತಿಯ ಹಿನ್ನೀರಿನ ಅಡಿಯಲ್ಲಿವೆ. ನಾಡಿಗೆ ಬೆಳಕು ಬೇಕು ಎಂದರು, ಅಜ್ಜ ಎದ್ದು ಬಂದ. ಹಿನ್ನೀರಿನ ಆಚೆ ದಡದ ಬ್ಯಾಕೋಡಿನ ಕಡೆ ಉಳಿದ ನಮ್ಮ ನೆಂಟರು ಊರನ್ನೂ ಕೊಟ್ಟು, ಆಮೇಲೆ ಎಷ್ಟೋ ವರ್ಷ ಚಿಮಣಿ ದೀಪದಲ್ಲೇ ಉಂಡರು. ಹಾಗಾಗಿ ನಮ್ಮ ಬೀದಿಯಲ್ಲಿ ಕರೆಂಟು ಹೋದಾಗಲೆಲ್ಲ ನಾನು ಜಗುಲಿಗೆ ಬಂದು ನಿಂತು ಈ ಇತಿಹಾಸವನ್ನು ಮೊದಲಿನಿಂದ ಹೇಳುತ್ತೇನೆ. ಒಳಗಿನಿಂದ ವೇದಾವತಿಯ ದನಿ ಬರುತ್ತದೆ.

“ಕರೆಂಟು ಹೋಪದೇ ತಡ, ನಿಂಗಳ ಅಜ್ಜ ಬಂದ. ಮೋಂಬತ್ತಿ ಎಲ್ಲಿದ್ದು ನೋಡಿ ಮೊದ್ಲು.”

ಈಗ ವೇದಾವತಿಯ ವಿಷಯ. ನಮ್ಮದು ಪೇಟೆಯ ಸಣ್ಣ ತಾರಸಿ ಮನೆ. ಕೆಳಗಿನ ಮನೆ ನನ್ನದು, ತಾರಸಿ ಅವಳದು. ಹಾಗೆಂದು ಎಲ್ಲೂ ಬರೆದಿರಲಿಲ್ಲ, ಆದರೆ ಮದುವೆಯಾದ ವರ್ಷದಿಂದ ಹಾಗೇ ನಡೆದುಕೊಂಡು ಬಂದಿತ್ತು. ಫೆಬ್ರವರಿಯಿಂದ ಮೇ ಕೊನೆಯವರೆಗೆ ಅಲ್ಲಿ ಸಂಡಿಗೆ, ಬಾಳಕ, ಮೆಣಸು, ಎಲ್ಲಕ್ಕಿಂತ ಹೆಚ್ಚಾಗಿ ಹಲಸಿನ ಹಪ್ಪಳ. ಹಪ್ಪಳದ ಕೆಲಸ ಮುಯ್ಯಾಳಿನ ಮೇಲೆ ನಡೆಯುತ್ತದೆ. ಇವತ್ತು ಪಕ್ಕದ ಮನೆ ಕನ್ನಮ್ಮ ನಮ್ಮಲ್ಲಿಗೆ ಬಂದು ತೊಳೆ ಬಿಡಿಸಿ, ಬೇಯಿಸಿ, ಕುಟ್ಟಿ, ಒತ್ತಿ ಕೊಟ್ಟರೆ, ನಾಳೆ ಇವಳು ಅವರಲ್ಲಿಗೆ. ಕೂಲಿಯಿಲ್ಲ, ಲೆಕ್ಕವಿಲ್ಲ, ಬಾಯಿಗೆ ಮಾತ್ರ ಬಿಡುವಿಲ್ಲ. ಒತ್ತಿದ ಹಪ್ಪಳ ಅದೇ ದಿನ ಬಿಸಿಲು ಕುಡಿಯಬೇಕು. ಇಲ್ಲದಿದ್ದರೆ ಸಂಜೆಗೆ ಹುಳಿ ವಾಸನೆ, ಮಾರನೆಯ ದಿನಕ್ಕೆ ಬೂಸಲು.

ಈ ವರ್ಷ ಅವಳಿಗೆ ದೊಡ್ಡದೊಂದು ಆರ್ಡರು ಬಂದಿತ್ತು. ತೀರ್ಥಹಳ್ಳಿಯಲ್ಲಿ ಗಣೇಶಮೂರ್ತಿ ಎನ್ನುವವರು ಹೊಸದಾಗಿ ಮನೆ ತಿಂಡಿಗಳ ಅಂಗಡಿ ತೆರೆಯುವವರಿದ್ದರು. ಯಾರದೋ ಮದುವೆಮನೆಯಲ್ಲಿ ವೇದಾವತಿಯ ಹಪ್ಪಳ ತಿಂದು, ಹುಡುಕಿಕೊಂಡು ಬಂದು, ಎರಡು ಸಾವಿರ ಹಪ್ಪಳ ಬೇಕು ಎಂದರು. ಅಂಗಡಿ ಶುರುವಾಗುವುದು ಮೇ ತಿಂಗಳ ಮೂರನೇ ಶನಿವಾರ. ಅಷ್ಟೇ ಅಲ್ಲ, ಕಟ್ಟಿನ ಮೇಲೆ ಅಂಟಿಸಲು ಸ್ಟಿಕ್ಕರನ್ನೂ ಮಾಡಿಸಿ ಕಳಿಸಿದ್ದರು: ‘ವೇದಾವತಿಯವರ ಹಲಸಿನ ಹಪ್ಪಳ, ರಿಪ್ಪನ್‌ಪೇಟೆ’. ಅದುವರೆಗೆ ಅವಳ ಹೆಸರು ಅಚ್ಚಾಗಿದ್ದುದು ನಮ್ಮ ಲಗ್ನಪತ್ರಿಕೆಯಲ್ಲಿ ಮತ್ತು ರೇಷನ್ ಕಾರ್ಡಿನಲ್ಲಿ. ರೇಷನ್ ಕಾರ್ಡಿನಲ್ಲಿ ಅದೂ ತಪ್ಪಾಗಿ. ಸ್ಟಿಕ್ಕರಿನ ಕಟ್ಟನ್ನು ಅವಳು ದೇವರ ಗೂಡಿನ ಪಕ್ಕ ಇಟ್ಟಿದ್ದಳು. ದಿನಕ್ಕೊಮ್ಮೆ ಬಿಚ್ಚಿ ನೋಡುವುದು, ಮತ್ತೆ ಕಟ್ಟಿ ಇಡುವುದು. ನಾನು ನೋಡಿಯೂ ನೋಡದವನ ಹಾಗೆ ಪೇಪರ್ ಓದುತ್ತಿದ್ದೆ.

ಇಂಥ ಹೊತ್ತಿನಲ್ಲಿ ನಾನು ತಾರಸಿಯ ಮೇಲೆ ಸೋಲಾರ್ ಹಾಕಿಸಿದೆ.

ಕಂಬಿಗಳನ್ನು ಹೊತ್ತ ನಾಲ್ಕು ಜನ ಮೆಟ್ಟಿಲು ಹತ್ತುವುದನ್ನು ಕಂಡಾಗಲೇ ಅವಳಿಗೆ ವಿಷಯ ಗೊತ್ತಾದದ್ದು. ಹಿಟ್ಟಿನ ಕೈಯಲ್ಲೇ ಮೇಲೆ ಬಂದಳು. ಅಷ್ಟು ಹೊತ್ತಿಗೆ ಸಾಗರದಿಂದ ಬಂದಿದ್ದ ಕಂಪನಿಯ ಇಂಜಿನಿಯರು ಅಭಿಷೇಕ, ಟೇಪು ಹಿಡಿದು ಎಂಟು ಪ್ಯಾನೆಲ್ಲಿಗೆ ಗುರುತು ಹಾಕಿ ಮುಗಿಸಿದ್ದ. ನೀರಿನ ಟ್ಯಾಂಕಿನ ಹತ್ತಿರ ಒಂದು ಚಾಪೆ ಅಗಲದ ಜಾಗ ಉಳಿದಿತ್ತು. ಟ್ಯಾಂಕಿನ ನೆರಳು ಬೀಳುವುದೂ ಅಲ್ಲಿಗೇ.

“ಹಪ್ಪಳ ಎಲ್ಲಿ ಹಾಕದು?” ಎಂದಳು.

“ಅದಕ್ಕೆಲ್ಲ ವ್ಯವಸ್ಥೆ ಮಾಡಿದ್ದೆ. ನಿನಗೆ ಡ್ರೈಯರ್ ಬತ್ತು. ಬಿಸಿಲಿಗಿಂತ ಚೊಲೋ ಒಣಗ್ತು. ಕಾಗೆ ಕಾಯದಿಲ್ಲೆ, ಮೋಡ ನೋಡದಿಲ್ಲೆ. ಫ್ರೀ ಕರೆಂಟು.”

ಅವಳು ಕೈಯ ಹಿಟ್ಟನ್ನು ಉಜ್ಜಿ ಉದುರಿಸಿದಳು. ಆಮೇಲೆ ಹೇಳಿದಳು, “ನಿಂಗಳ ಅಜ್ಜಂಗೂ ಹೀಂಗೇ ಹೇಳಿದ್ವಡ. ಇದಕ್ಕಿಂತ ಚೊಲೋ ಜಾಗ ಕೊಡ್ತ್ಯ, ನೀವು ಏಳಿ ಸಾಕು ಹೇಳಿ.”

ಅಭಿಷೇಕ ಟೇಪು ಸುತ್ತುತ್ತ ಬೇರೆ ಕಡೆ ನೋಡಿದ. ನಾನು ದೊಡ್ಡದಾಗಿ ನಕ್ಕೆ. ಆ ನಗುವನ್ನು ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಎರಡು ಬಿಗಿಯೋಣ ಅನಿಸುತ್ತದೆ.

ಡ್ರೈಯರು ಬಂತು. ಗಾಡ್ರೇಜು ಬೀರುವಿನಷ್ಟು ಎತ್ತರ, ಒಳಗೆ ತಟ್ಟೆಗಳು, ಅಡಿಯಲ್ಲಿ ಹೀಟರು. ಅದನ್ನು ಅಡುಗೆಮನೆಯ ಪಕ್ಕ ಸ್ಥಾಪಿಸಿ, ಕುಂಕುಮ ಇಟ್ಟು, ನಾನು ಅದರ ಮುಂದೆ ನಿಂತು ವಿವರಣೆ ಕೊಟ್ಟೆ. ಸೂರ್ಯನ ಬೆಳಕು ಪ್ಯಾನೆಲ್ಲಿಗೆ ಬೀಳುತ್ತದೆ, ಪ್ಯಾನೆಲ್ಲು ಅದನ್ನು ವಿದ್ಯುತ್ತಾಗಿಸುತ್ತದೆ, ವಿದ್ಯುತ್ತು ತಂತಿಯಲ್ಲಿ ಇಳಿದು ಹೀಟರಿಗೆ ಬರುತ್ತದೆ, ಹೀಟರು ಬಿಸಿಯಾಗುತ್ತದೆ, ಆ ಬಿಸಿ ಹಪ್ಪಳವನ್ನು ಒಣಗಿಸುತ್ತದೆ.

ಕನ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, “ಅಲ್ಲ ಮೇಷ್ಟ್ರೆ, ಮೊದ್ಲೂ ಬಿಸ್ಲಲ್ಲೇ ಒಣಗ್ತಿತ್ತಲ್ಲ?” ಎಂದರು.

“ಅದು ಅವೈಜ್ಞಾನಿಕ ಕನ್ನಮ್ಮ,” ಎಂದೆ.

ಮೊದಲ ಎಂಟುನೂರು ಹಪ್ಪಳ ಡ್ರೈಯರಿನಲ್ಲಿ ಚೆನ್ನಾಗಿಯೇ ಒಣಗಿದವು. ಒಂದು ಸಲಕ್ಕೆ ಮುನ್ನೂರರಂತೆ ನಿಧಾನವಾಗಿ, ಅಚ್ಚುಕಟ್ಟಾಗಿ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕನ್ನಮ್ಮನ ಗಂಡ ಬೆಳ್ಳಪ್ಪ ಲೈನ್‌ಮ್ಯಾನ್. ಅವರನ್ನು ಕಾಂಪೌಂಡಿನ ಗೋಡೆಯ ಹತ್ತಿರ ಹಿಡಿದು ನಿಲ್ಲಿಸಿ, “ಬೆಳ್ಳಪ್ಪ, ಇನ್ನು ನಿಮ್ಮ ಲೈನು ಹೋದರೆ ಎಷ್ಟು, ಬಿಟ್ಟರೆ ಎಷ್ಟು. ಇಡೀ ಬೀದಿ ಕತ್ತಲಾದರೂ ನಮ್ಮನೆ ಉರೀತಾ ಇರ್ತದೆ,” ಎಂದೆ. ಅವರು, “ಹಂಗಲ್ಲ ಮೇಷ್ಟ್ರೆ, ನಿಮ್ದು ಯಾವ ಸಿಸ್ಟಮ್ಮು...” ಎಂದು ಏನೋ ಶುರು ಮಾಡಿದರು. ಲೈನ್‌ಮ್ಯಾನ್ ಬಂದು ವಿಜ್ಞಾನದ ಮೇಷ್ಟ್ರಿಗೆ ಕರೆಂಟಿನ ಪಾಠ ಮಾಡುವುದೇ? ನಾನು ಅವರ ಬೆನ್ನು ತಟ್ಟಿ ಒಳಗೆ ಬಂದೆ.

ಅಂಗಡಿ ಶುರುವಾಗುವ ಶನಿವಾರಕ್ಕೆ ಎರಡು ದಿನ ಇತ್ತು. ಗುರುವಾರ ಉಳಿದ ಸಾವಿರದ ಇನ್ನೂರು ಹಪ್ಪಳ ಒಂದೇ ದಿನಕ್ಕೆ ಒತ್ತಿ ಮುಗಿಸುವುದೆಂದು ವೇದಾವತಿ, ಕನ್ನಮ್ಮ ಮತ್ತು ಬೀದಿಯ ಇನ್ನಿಬ್ಬರು ಬೆಳಕು ಹರಿಯುವ ಮೊದಲೇ ಕುಳಿತಿದ್ದರು. ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಚಾಪೆ, ಮಂಚ, ನನ್ನ ಓದುವ ಮೇಜು, ಎಲ್ಲದರ ಮೇಲೂ ಹಸಿ ಹಪ್ಪಳ. ಮೊದಲ ಮುನ್ನೂರು ಡ್ರೈಯರಿಗೆ ಹೋದವು, ಉಳಿದವನ್ನು ರಾತ್ರಿಯೊಳಗೆ ಸರದಿಯಲ್ಲಿ ಹಾಕುವುದೆಂದಿತ್ತು. ಒಂಬತ್ತೂವರೆಗೆ ಡ್ರೈಯರು ಒಮ್ಮೆ ಗುಂಯ್ ಎಂದು ನಿಂತಿತು.

ಹೊರಗೆ ಬಂದು ನೋಡಿದೆ. ಬಿಸಿಲೆಂದರೆ ಕಣ್ಣು ಬಿಡಲಾಗದ ಬಿಸಿಲು. ತಾರಸಿಯ ಮೇಲೆ ಎಂಟು ಪ್ಯಾನೆಲ್ಲೂ ಫಳಫಳ ಹೊಳೆಯುತ್ತಿವೆ. ಮನೆಯೊಳಗೆ ಒಂದು ಫ್ಯಾನು ತಿರುಗುತ್ತಿಲ್ಲ. ಗೋಡೆಯ ಮೇಲಿನ ಸೋಲಾರಿನ ಪೆಟ್ಟಿಗೆಯಲ್ಲಿ ಕೆಂಪು ದೀಪ. ಗುಂಡಿ ಒತ್ತಿದೆ, ಬಿಟ್ಟೆ, ಗುದ್ದಿದೆ. ಕೊನೆಗೆ ಬೀದಿಯ ತುದಿಗೆ ಓಡಿದೆ. ಬೆಳ್ಳಪ್ಪ ಕಂಬದ ಮೇಲಿದ್ದರು. ಮಳೆಗಾಲ ಬರುವ ಮೊದಲು ತಂತಿಗೆ ತಾಗುವ ಕೊಂಬೆಗಳನ್ನು ಕಡಿಯುವ ಕೆಲಸ.

“ಬೆಳ್ಳಪ್ಪ, ನಿಮ್ಮ ಲೈನು ತೆಗೆದರೆ ನನ್ನ ಸೋಲಾರು ಯಾಕೆ ನಿಂತಿತು?”

“ಅದು ನಿಲ್ಲೋದೇ ಮೇಷ್ಟ್ರೆ. ನಿಮ್ದು ಲೈನಿಗೆ ಸೇರ್ಸಿದ್ದು. ಲೈನಲ್ಲಿ ಕರೆಂಟ್ ಇಲ್ಲ ಅಂದ್ರೆ ಅದೂ ತಾನೇ ಬಂದ್ ಆಗತ್ತೆ. ಬ್ಯಾಟ್ರಿ ಇದ್ರೆ ಬೇರೆ ಮಾತು.”

“ಅದು ಯಾವ ನ್ಯಾಯ? ಬಿಸಿಲು ನನ್ನದು!”

ಬೆಳ್ಳಪ್ಪ ಕತ್ತಿಯನ್ನು ಕೊಂಬೆಗೆ ಸಿಕ್ಕಿಸಿ ಕೆಳಗೆ ನೋಡಿದರು. “ಬಿಸ್ಲು ನಿಮ್ದೇ. ಆದ್ರೆ ಈಗ ನಿಮ್ಮನೆ ಕರೆಂಟು ಲೈನಿಗೆ ಬಂತು ಅಂದ್ರೆ, ಇಲ್ಲಿ ಕೈ ಹಾಕ್ಕೊಂಡ್ ಕೂತಿರೋದು ನಾನು. ಆವತ್ತು ಅದ್ನೇ ಹೇಳಕ್ ಬಂದಿದ್ದೆ. ನೀವು ಬೆನ್ ತಟ್ಟಿ ಹೋದ್ರಿ.”

ಅಭಿಷೇಕನೂ ಹೇಳಿದ್ದ, ಈಗ ನೆನಪಾಯಿತು. ಅವನು ಹೇಳುತ್ತಿದ್ದಾಗ ನಾನು ‘ಗೊತ್ತು ಗೊತ್ತು’ ಎಂದು ತಲೆಯಾಡಿಸಿದ್ದೆ. ಕ್ಲಾಸಿನ ಕೊನೆಯ ಬೆಂಚಿನವರು ತಲೆಯಾಡಿಸುವುದೂ ಹೀಗೆಯೇ.

ಮನೆಗೆ ಬಂದರೆ ನಾಲ್ಕು ಜನ ಹೆಂಗಸರು ಒತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಾರೆ. ನಾನು ವಿಷಯ ತಿಳಿಸಿದೆ. ವೇದಾವತಿ ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ತಟ್ಟೆ ಎತ್ತಿಕೊಂಡು ಸೀದಾ ತಾರಸಿಗೆ ಹೋದಳು, ಹಿಂದೆ ಉಳಿದ ಮೂವರು. ನಾನು ಹತ್ತುವಷ್ಟರಲ್ಲಿ ಅವರು ಪ್ಯಾನೆಲ್ಲಿನ ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅದರ ಮೇಲೆ ಸಾಲಾಗಿ ಹಪ್ಪಳ ಅಂಟಿಸುತ್ತಿದ್ದರು.

“ಅದು ಸೂಕ್ಷ್ಮ ಯಂತ್ರ, ಮಾರಾಯ್ತಿ!”

“ಈಗ ಅದು ಎಂತ ಮಾಡ್ತಾ ಇದ್ದು?” ಎಂದು ವೇದಾವತಿ ಕೈ ನಿಲ್ಲಿಸದೆ ಕೇಳಿದಳು.

“ಏನೂ ಮಾಡ್ತಾ ಇಲ್ಲೆ.”

“ಹಂಗಾರೆ ಮಾಡ್ಲಿ.”

ಹಸಿ ಹಪ್ಪಳ ಗಾಜಿಗೆ ಚೆನ್ನಾಗಿಯೇ ಕಚ್ಚಿಕೊಂಡಿತು. ಕೆಳಗಿನಿಂದ ಗಾಜಿನ ಕಾವು, ಮೇಲಿನಿಂದ ಬಿಸಿಲು. ಹನ್ನೆರಡರ ಹೊತ್ತಿಗೆ ಅಂಚು ಏಳತೊಡಗಿತ್ತು. ಕನ್ನಮ್ಮ ಒಂದನ್ನು ಎತ್ತಿ, ತಿರುವಿ ನೋಡಿ, “ಮೇಷ್ಟ್ರೆ, ನಿಮ್ ಸೋಲಾರು ಒಳ್ಳೇದಾತು ನೋಡಿ,” ಎಂದರು. ನಿಜ ಹೇಳುತ್ತೇನೆ, ಆ ಹೊತ್ತಿಗೆ ನಾನು ಸುಮ್ಮನೆ ಕೆಳಗಿಳಿದು ಪೇಪರ್ ಓದಿಕೊಂಡಿದ್ದರೆ ಈ ಬರಹ ಬರೆಯುವ ಗತಿ ಬರುತ್ತಿರಲಿಲ್ಲ.

ಒಂದು ಗಂಟೆಗೆ ಕರೆಂಟು ಬಂತು. ಹೆಂಗಸರು ಊಟಕ್ಕೆಂದು ಅವರವರ ಮನೆಗೆ ಹೋಗಿದ್ದರು. ವೇದಾವತಿ, ಮೂರು ಗಂಟೆಗೆ ಹಪ್ಪಳ ಮಗುಚಬೇಕು, ಅಲ್ಲಿಯ ತನಕ ಮುಟ್ಟಬೇಡಿ ಎಂದು ಹೇಳಿ, ಬೆಳಗಿನಿಂದ ನೆಟ್ಟಗೆ ಮಾಡಿರದ ಬೆನ್ನನ್ನು ನೆಲಕ್ಕೆ ಚೆಲ್ಲಿದ್ದಳು. ನನ್ನ ಫೋನು ಹೊಡೆದುಕೊಂಡಿತು. ಅಭಿಷೇಕ.

“ಸಾರ್, ಇಲ್ಲಿ ನನ್ ಮೊಬೈಲಲ್ಲಿ ನಿಮ್ಮನೆ ಜನರೇಶನ್ ನೋಡ್ತಾ ಇದೀನಿ. ಲೈನ್ ಬಂದಿದೆ, ಆದ್ರೂ ಏನೇನೂ ಇಲ್ಲ. ಪ್ಯಾನೆಲ್ ಮೇಲೆ ನೆರಳು ಬೀಳ್ತಿದ್ಯಾ?”

“ಸ್ವಲ್ಪ ಇದೆ.”

“ಯಾವ್ದು ಸಾರ್?”

“ಹಲಸಿಂದು.”

“ಮರ ಕಡಿಸ್ಬಿಡಿ ಸಾರ್.”

ಇಷ್ಟು ಹೇಳಿ ಅವನು ಇಟ್ಟ. ನನಗೆ ಮಾತ್ರ ಮೈಯೆಲ್ಲ ಉರಿಯತೊಡಗಿತು. ಸಾಗರದಲ್ಲಿ ಕುಳಿತ ನಿನ್ನೆ ಮೊನ್ನೆಯ ಹುಡುಗನಿಗೆ ನನ್ನ ಮನೆಯ ಸೊನ್ನೆ ಕಾಣಿಸುತ್ತಿದೆ! ಕರೆಂಟು ಬಂದಿದೆ, ಪ್ಯಾನೆಲ್ಲು ಇದೆ, ಡ್ರೈಯರು ಇದೆ, ಎಲ್ಲ ಇದ್ದೂ ನನ್ನ ವ್ಯವಸ್ಥೆ ಹಪ್ಪಳದ ಅಡಿಯಲ್ಲಿ ಸತ್ತು ಬಿದ್ದಿದೆ. ವೇದಾವತಿಯನ್ನು ಎಬ್ಬಿಸಿದೆ.

“ಹಪ್ಪಳ ತೆಗ್ದು ಡ್ರೈಯರಿಗೆ ಹಾಕುವ. ಪ್ಯಾನೆಲ್ಲು ಖಾಲಿ ಆದ್ರೆ ನಮ್ಮದೇ ಫ್ರೀ ಕರೆಂಟು ಬತ್ತು, ಅದ್ರಲ್ಲೇ ಡ್ರೈಯರ್ ನಡೀತು.”

ಅವಳು ಮಲಗಿದಲ್ಲಿಂದಲೇ ನನ್ನನ್ನು ನೋಡಿದಳು. “ಮೇಲೆ ಬಿಸಿಲಲ್ಲಿ ಒಣಗ್ತಾ ಇದ್ದಿದ್ದನ್ನ ತೆಗ್ದು, ಕೆಳಗೆ ತಂದು, ಮತ್ತೆ ಅದೇ ಬಿಸಿಲನ್ನ ತಂತೀಲಿ ಇಳಿಸಿ ಒಣಗ್ಸವು. ಇದಾ ನಿಂಗಳ ಯೋಚನೆ?”

ಹೀಗೆ ಕೇಳಿದರೆ ಎಂಥವನಿಗೂ ನಾಚಿಕೆಯಾಗಬೇಕು. ನನಗೆ ಸಿಟ್ಟು ಬಂತು. ಅವಳು ಮಗ್ಗುಲಾಗಿ ಕಣ್ಣು ಮುಚ್ಚಿದಳು. ನಾನು ಒಬ್ಬನೇ ತಾರಸಿಗೆ ಹೋಗಿ ಒಂದೊಂದಾಗಿ ಹಪ್ಪಳ ಕಿತ್ತೆ. ಅಂಚು ಒಣಗಿತ್ತು, ನಡು ಇನ್ನೂ ಮೆತ್ತಗಿತ್ತು. ಡ್ರೈಯರಿನಲ್ಲಿ ಬೆಳಗಿನ ಮುನ್ನೂರು ಹಾಗೇ ಇದ್ದವು. ಉಳಿದ ಒಂಬೈನೂರನ್ನು ಅವುಗಳ ಮೇಲೆಯೇ, ಒಂದರ ಮೇಲೊಂದು ನಾಲ್ಕು ನಾಲ್ಕಾಗಿ ಪೇರಿಸಿ ತುರುಕಿದೆ. ಬಾಗಿಲು ಹಾಕಲು ಮೊಣಕಾಲು ಕೊಡಬೇಕಾಯಿತು. ಗುಂಡಿ ಒತ್ತಿ, ಫೋನು ತೆರೆದು ನೋಡಿದೆ. ಉತ್ಪಾದನೆ ಏರುತ್ತಿತ್ತು! ಅಭಿಷೇಕನಿಗೆ ಅದರ ಚಿತ್ರ ಕಳಿಸಿದೆ. ಅವನು ಹೆಬ್ಬೆರಳು ಕಳಿಸಿದ.

ಎರಡೂವರೆಗೆ ಪಡುವಣದಲ್ಲಿ ಮೋಡ ಕವಿಯಿತು. ಗಾಳಿ, ಗುಡುಗು, ಆಮೇಲೆ ಆಲಿಕಲ್ಲು. ಎಲ್ಲೋ ಮರ ಬಿದ್ದು ಕರೆಂಟು ಹೋಯಿತು, ಮತ್ತೆ ಬಂದದ್ದು ಶುಕ್ರವಾರ ಮಧ್ಯಾಹ್ನ. ಗುರುವಾರ ಸಂಜೆಯೇ ವೇದಾವತಿ ಡ್ರೈಯರಿನ ಬಾಗಿಲು ತೆಗೆದಳು. ಸಾವಿರದ ಇನ್ನೂರು ಹಪ್ಪಳ ಒಳಗಿನ ಹಬೆಗೆ ಬೆವೆತು, ಒಂದಕ್ಕೊಂದು ಅಂಟಿ, ತಟ್ಟೆಗೂ ಅಂಟಿ, ಹುಳಿ ವಾಸನೆ ಹೊಡೆಯುತ್ತಿದ್ದವು. ಅವಳು ಒಂದು ಅಂಚು ಹಿಡಿದು ಎಳೆದಳು. ಇಡೀ ಮುದ್ದೆ ಎದ್ದು ಬಂತು. ಅದನ್ನು ಮತ್ತೆ ಅಲ್ಲೇ ಇಟ್ಟು ಬಾಗಿಲು ಹಾಕಿ, ಫೋನನ್ನು ತಂದು ನನ್ನ ಕೈಯಲ್ಲಿಟ್ಟಳು.

“ಗಣೇಶಮೂರ್ತಿಗೆ ನಿಂಗೊ ಹೇಳಿ. ಎನ್ನ ಹತ್ರ ಆಗ್ತಿಲ್ಲೆ.”

ಹೇಳಿದೆ. ಪ್ರಕೃತಿ ವಿಕೋಪ, ವಿದ್ಯುತ್ ವ್ಯತ್ಯಯ, ಎಲ್ಲ ದೊಡ್ಡ ದೊಡ್ಡ ಪದ ಬಳಸಿದೆ. ಆ ಕಡೆಯಿಂದ ಗಣೇಶಮೂರ್ತಿ ಶಾಂತವಾಗಿ ಕೇಳಿಸಿಕೊಂಡರು. “ಇರ್ಲಿ ಸಾರ್, ಏನ್ ಮಾಡಕಾಗತ್ತೆ. ಮೇಗರವಳ್ಳಿಲಿ ಒಬ್ರು ಮಾಡ್ತಾರೆ, ಅವ್ರತ್ರ ತರಿಸ್ತೀನಿ. ನಿಮ್ಮಲ್ಲಿರೋ ಎಂಟುನೂರು ಕಳ್ಸಿ, ಅದ್ರ ಜೊತೆಗೇ ಸೇರಿಸ್ಬಿಡ್ತೀನಿ. ಆದ್ರೆ ಆ ಸ್ಟಿಕ್ಕರ್ ಅಂಟಿಸ್ಬೇಡಿ. ಎರಡು ಹೆಸ್ರು ಆದ್ರೆ ಗಿರಾಕಿಗೆ ಗೊಂದ್ಲ. ಸ್ವಲ್ಪ ಅಮ್ಮೋರಿಗೆ ಫೋನ್ ಕೊಡಿ.”

ವೇದಾವತಿ ಮೂರು ಸಲ ‘ಆಯ್ತು’ ಎಂದಳು. ಆಮೇಲೆ ಒಳಗೆ ಹೋಗಿ ಎಂಟುನೂರು ಹಪ್ಪಳವನ್ನು ಇಪ್ಪತ್ತೈದರಂತೆ ಕಟ್ಟಿದಳು. ದೇವರ ಗೂಡಿನ ಪಕ್ಕದ ಸ್ಟಿಕ್ಕರುಗಳನ್ನು ತೆಗೆದು ಎಲ್ಲಿಟ್ಟಳೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ. ಮನುಷ್ಯ ತಪ್ಪು ಮಾಡಿದಾಗ ಎದುರಿನವರು ಕೂಗಾಡಿದರೆ ಅರ್ಧ ಭಾರ ಇಳಿಯುತ್ತದೆ. ಅವಳು ಆ ಉಪಕಾರವನ್ನೂ ಮಾಡಲಿಲ್ಲ.

ಮಾರನೆಯ ದಿನದಿಂದ ಅವಳ ಮಣೆ, ಚಾಪೆ, ತೊಳೆ ಬೇಯಿಸುವ ಕೊಳದಪ್ಪಲೆ ಎಲ್ಲ ಕನ್ನಮ್ಮನ ಮನೆಗೆ ಹೋದವು. ಬೆಳಿಗ್ಗೆ ತಿಂಡಿ ಮುಗಿಸಿ ಹೋದರೆ ಸಂಜೆಯೇ ಬರುವುದು. ನನಗೆ ಬೇಸಿಗೆ ರಜೆ. ಮನೆಯಲ್ಲಿ ನಾನು, ಎರಡು ಫ್ಯಾನು ಮತ್ತು ಬೇಕಾದಷ್ಟು ಕರೆಂಟು. ಗೋಡೆಯಾಚೆಯಿಂದ ಹಪ್ಪಳದ ಮಣೆಯ ಸದ್ದು, ಹೆಂಗಸರ ನಗು ಕೇಳಿಸುತ್ತಿತ್ತು. ಒಂದು ದಿನ ತಡೆಯಲಾರದೆ, “ನಾಲ್ಕು ಪ್ಯಾನೆಲ್ಲು ತೆಗೆಸಿಬಿಡ್ತೆ. ನಿನಗೆ ಅರ್ಧ ತಾರಸಿ ಸಿಕ್ತು,” ಎಂದೆ.

“ಎಂತಕ್ಕೆ? ಇರ್ಲಿ. ಕನ್ನಮ್ಮನ ಅಂಗಳದಲ್ಲಿ ಬಿಸಿಲು ಚೊಲೋ ಬೀಳ್ತು,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಂದು ದಾರಿ ಹುಡುಕಬಹುದಿತ್ತು.

ಮೇ ಕೊನೆಯ ಭಾನುವಾರ ಅಭಿಷೇಕ ಫೋನು ಮಾಡಿದ. ಕಡತಕ್ಕೆ, ಸೋಲಾರಿಗೆಂದು ನಾನು ತುಂಬಿದ್ದ ಅರ್ಜಿಯ ನಕಲು ಬೇಕಂತೆ, ಈಗಲೇ ಫೋಟೋ ತೆಗೆದು ಕಳಿಸಬೇಕಂತೆ. ನನ್ನ ಕನ್ನಡಕ ಸಿಗಲಿಲ್ಲ. ವೇದಾವತಿ ಹೊರಟು ಹೊಸ್ತಿಲಲ್ಲಿದ್ದಳು. “ಆ ಕಪಾಟಿನ ನೀಲಿ ಫೈಲಲ್ಲಿ ಇದ್ದು. ಅದೇ ಹಾಳೆಯಾ ಒಂಚೂರು ಓದಿ ನೋಡು,” ಎಂದೆ. ಅವಳು ಬಂದು ತೆಗೆದಳು. ನಿಂತೇ ಗಟ್ಟಿಯಾಗಿ ಓದತೊಡಗಿದಳು.

“ಅರ್ಜಿದಾರರ ಹೆಸರು, ಹೇರಂಬ. ಉದ್ಯೋಗ, ಶಿಕ್ಷಕರು. ಮನೆಯ ವಿಧ, ತಾರಸಿ. ತಾರಸಿಯ ಸದ್ಯದ ಉಪಯೋಗ...”

ಅಲ್ಲಿ ನಿಂತಳು. ಆಗ ನನಗೂ ನೆನಪಾಯಿತು. ಎದ್ದು ಹೋಗಿ ಹಾಳೆ ಕಸಿದುಕೊಳ್ಳೋಣ ಅನ್ನಿಸಿತು. ಅವಳು ಮುಂದಿನದನ್ನೂ ಓದಿದಳು.

“‘ಯಾವ ಉಪಯೋಗವೂ ಇಲ್ಲ. ಖಾಲಿ ಬಿದ್ದಿದೆ.’”

ಗೋಡೆಯಾಚೆಯಿಂದ ಕನ್ನಮ್ಮ, “ಅಕ್ಕಾ, ಬಂದ್ರಾ?” ಎಂದು ಕರೆಯುತ್ತಿದ್ದರು.

“ಇದು ಕಂಪನಿಯವು ಬರ್ದಿದ್ದಾ?” ಎಂದು ವೇದಾವತಿ ಕೇಳಿದಳು.

ಹೌದು ಎನ್ನಬಹುದಿತ್ತು. ಆದರೆ ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದ ಕೈ, ಊರಿನಲ್ಲಿ ಯಾರು ಬೇಕಾದರೂ ಗುರುತಿಸುತ್ತಾರೆ.

“ಆನೇ ಬರ್ದಿದ್ದು,” ಎಂದೆ.

ಅವಳು ಹಾಳೆಯನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟು, ಕೈ ಅಲುಗದ ಹಾಗೆ ಫೋಟೋ ತೆಗೆದು, ಅಭಿಷೇಕನಿಗೆ ಕಳಿಸಿದಳು. ಆಮೇಲೆ ಫೈಲನ್ನು ಕಪಾಟಿನಲ್ಲಿಟ್ಟು ಚಪ್ಪಲಿ ಮೆಟ್ಟಿಕೊಂಡಳು.

“ಅಕ್ಷರ ಚೊಲೋ ಇದ್ದು,” ಎಂದಳು.